ಮನೆಯಲ್ಲಿ ಮೀನು ಮಾಡೋದು: ಫ್ರೈ ತವಾಕ್ಕೆ ಅಂಟಬಾರದು, ಸಾರಲ್ಲಿ ಮೀನು ಪುಡಿಯಾಗಬಾರದು ಅಂದ್ರೆ ಹಂತ ಹಂತವಾಗಿ ಹೀಗೆ ಮಾಡಿ

ತುಂಬಾ ಜನ ಕೇಳೋದು ಅದದೇ ನಾಲ್ಕು ಪ್ರಶ್ನೆ. ರವಾ ಫ್ರೈ ಮಾಡಿದ್ರೆ ರವೆ ಎಲ್ಲಾ ತವಾದಲ್ಲೇ ಉಳಿದು ಮೀನು ಬೋಳಾಗಿ ಬರುತ್ತೆ, ತಿರುಗಿಸೋಕೆ ಹೋದ್ರೆ ಚರ್ಮ ಕಿತ್ತುಬರುತ್ತೆ, ಪುಳಿಮುಂಚಿ (ಕರಾವಳಿಯ ಹುಳಿ ಖಾರದ ಮೀನು ಸಾರು) ಮಾಡಿದ್ರೆ ಮೀನು ಕರಗಿ ಮುಳ್ಳು ಮಾತ್ರ ಕೈಗೆ ಸಿಗುತ್ತೆ, ಎಷ್ಟು ಕುದಿಸಿದ್ರೂ ಮಸಾಲೆ ಹಸಿ ವಾಸನೆ ಹೋಗಲ್ಲ. ಇದಕ್ಕೆ ಹೊಸ ರೆಸಿಪಿ ಹುಡುಕಿ ಪ್ರಯೋಜನ ಇಲ್ಲ. ಮೆಣಸು ಎರಡು ಹೆಚ್ಚುಕಮ್ಮಿ ಆದ್ರೆ ಏನೂ ಮುಳುಗಿಹೋಗಲ್ಲ, ಕೆಡೋದು ಯಾವುದು ಮೊದಲು ಯಾವುದು ಆಮೇಲೆ ಅನ್ನೋದ್ರಲ್ಲಿ. ಫ್ರೈ ಕೆಟ್ರೆ ಮೀನಿನ ಮೈಮೇಲೆ ನೀರು ಉಳಿದಿತ್ತು ಅಂತ ಅರ್ಥ, ಸಾರು ಕೆಟ್ರೆ ಮೀನು ಬೇಗ ಬಿತ್ತು ಅಂತ ಅರ್ಥ. ಇಷ್ಟು ತಲೆಯಲ್ಲಿಟ್ಕೊಂಡು ಮುಂದೆ ಓದಿ.

ಕೆಳಗಿನ ಅಳತೆ ಎಲ್ಲಾ ಕ್ಲೀನ್ ಮಾಡಿದ ಅರ್ಧ ಕೆಜಿ ಮೀನಿಗೆ. ಇಡೀ ಮೀನು ತಗೊಂಡ್ರೆ ತಲೆ, ಹೊಟ್ಟೆ, ರೆಕ್ಕೆ ಅಂತ ಸುಮಾರು ಮೂರನೇ ಒಂದು ಭಾಗ ಹೋಗುತ್ತೆ, ಅದನ್ನ ಲೆಕ್ಕ ಹಾಕಿ ತಗೊಳ್ಳಿ.

ಮೊದಲು ಸಾಮಾನು

ಕಬ್ಬಿಣದ ಕಾವಲಿ ಇದ್ರೆ ಫ್ರೈಗೆ ಅದೇ ಬೆಸ್ಟ್, ಆದ್ರೆ ದೋಸೆ ಕಾವಲಿ ಬೇರೆ ಮೀನಿನ ಕಾವಲಿ ಬೇರೆ ಇಟ್ಕೊಳ್ಳಿ, ಇಲ್ಲಾಂದ್ರೆ ಮಾರನೇ ದಿನ ದೋಸೆಯೂ ಏಳಲ್ಲ ಮನೇಲಿ ಮಾತೂ ಕೇಳ್ಬೇಕಾಗುತ್ತೆ. ನಾನ್‌ಸ್ಟಿಕ್ ಆದ್ರೂ ನಡೆಯುತ್ತೆ. ತೆಳ್ಳಗೆ ಅಗಲವಾಗಿರೋ ಸಟ್ಟುಗ ಒಂದು ಬೇಕೇ ಬೇಕು, ದಪ್ಪ ಸೌಟಲ್ಲಿ ಮೀನು ತಿರುಗಿಸೋಕೆ ಹೋಗ್ಬೇಡಿ.

ಸಾರಿಗೆ ಅಗಲ ಬಾಯಿಯ ಮಣ್ಣಿನ ಪಾತ್ರೆ, ಅದಿಲ್ಲಾಂದ್ರೆ ಅಗಲವಾದ ಸ್ಟೀಲ್ ಪಾತ್ರೆ. ಎತ್ತರದ ಪಾತ್ರೆಯಲ್ಲಿ ಮೀನು ಒಂದರ ಮೇಲೊಂದು ಕೂತು ಕೆಳಗಿನದು ಪುಡಿಯಾಗುತ್ತೆ. ಬರೀ ಅಲ್ಯೂಮಿನಿಯಂ ಪಾತ್ರೆಗೆ ಹುಣಸೆಹುಳಿ ಸಾರು ಹಾಕ್ಬೇಡಿ, ಹುಳಿ ಲೋಹದ ಜೊತೆ ಸೇರಿ ರುಚಿ ಕೆಡುತ್ತೆ. ಇನ್ನು ಮಿಕ್ಸಿಯ ಸಣ್ಣ ಜಾರ್, ಟಿಶ್ಯೂ ಅಥವಾ ಒಂದು ಹಳೇ ಒಣಬಟ್ಟೆ. ಈ ಬಟ್ಟೆಯನ್ನ ಯಾರೂ ಸಾಮಾನಿನ ಪಟ್ಟಿಗೆ ಸೇರಿಸಲ್ಲ, ನಿಜವಾಗಿ ಕೆಲಸ ಉಳಿಸೋದು ಅದೇ.

ಹಂತ 1: ಮೀನು ನೋಡಿ ಅಡುಗೆ ತೀರ್ಮಾನ ಮಾಡಿ

ಪುಳಿಮುಂಚಿ ಮಾಡ್ಬೇಕು ಅಂತ ಮನೇಲೇ ತೀರ್ಮಾನ ಮಾಡಿ ಮಾರ್ಕೆಟ್‌ಗೆ ಹೋಗಿ ಸಿಕ್ಕಿದ ಮೀನು ತರೋದು, ಇಲ್ಲೇ ಅರ್ಧ ಕೆಡೋದು. ಬಂಗುಡೆ (ಮ್ಯಾಕರೆಲ್) ಯಾವುದಕ್ಕೂ ಆಗುತ್ತೆ, ಕಲಿಯೋರಿಗೆ ಅದಕ್ಕಿಂತ ಒಳ್ಳೆ ಮೀನಿಲ್ಲ, ರೇಟೂ ಕೈಗೆಟುಕುತ್ತೆ. ಬೂತಾಯಿ (ಸಾರ್ಡಿನ್) ಪುಳಿಮುಂಚಿಗೆ. ಕಾಣೆ (ಲೇಡಿಫಿಶ್) ಅಂದ್ರೆ ರವಾ ಫ್ರೈ, ಅದನ್ನ ಸಾರಿಗೆ ಹಾಕೋದು ನನ್ನ ಪ್ರಕಾರ ದುಡ್ಡು ದಂಡ. ಅಂಜಲ್ (ಸೀರ್ ಫಿಶ್) ತುಂಡು ಮಾಡಿಸಿ ತವಾ ಫ್ರೈ, ಮಾಂಜಿ (ಪಾಂಫ್ರೆಟ್) ಇಡಿಯಾಗಿ ಮಸಾಲೆ ತುಂಬಿ ಫ್ರೈ ಇಲ್ಲಾ ಬಾಳೆಎಲೆಯಲ್ಲಿ. ಕಾಟ್ಲಾ, ರೋಹು ಥರದ ಕೆರೆ ಮೀನಾದ್ರೆ ಹಳೇ ಮೈಸೂರು ಕಡೆ ಸಾರು. ಸೂಪರ್ ಮಾರ್ಕೆಟ್ಟಿನ ಬಾಸಾ ಫಿಲೆ ತಂದು ರವಾ ಫ್ರೈ ಮಾಡೋರು ಜಾಸ್ತಿ, ಅದು ಬಿಸಿ ತಾಗಿದ ಕೂಡ್ಲೇ ನೀರು ಬಿಡುತ್ತೆ, ರವೆ ಗಂಜಿಯಾಗುತ್ತೆ.

ತಾಜಾ ಮೀನಿನ ಕಣ್ಣು ಉಬ್ಬಿ ಹೊಳೀತಾ ಇರುತ್ತೆ, ಕಿವಿರು ಕೆಂಪಾಗಿರುತ್ತೆ, ಹೊಟ್ಟೆ ಹತ್ರ ಬೆರಳಲ್ಲಿ ಒತ್ತಿದ್ರೆ ಗುಂಡಿ ಬೀಳದೆ ವಾಪಸ್ ಏಳುತ್ತೆ. ಬೂತಾಯಿಯ ಹೊಟ್ಟೆ ಒಡೆದಿದ್ರೆ ಬೇಡ. ಕಣ್ಣು ಗುಳಿಬಿದ್ದು ಮಂಜಾಗಿದ್ರೆ, ಕಿವಿರು ಕಂದಾಗಿ ಲೋಳೆ ಹಿಡಿದಿದ್ರೆ, ಮೂಗಿಗೆ ಘಾಟು ಹೊಡೆದ್ರೆ ರೇಟ್ ಎಷ್ಟೇ ಇಳಿಸಿದ್ರೂ ಮುಂದೆ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ ಇರುತ್ತೆ, ನಾಡದೋಣಿಯೋರು ತಂದ ಸ್ವಲ್ಪ ಮೀನು ಬಿಟ್ರೆ ಆಗ ಸಿಗೋದು ಹೆಚ್ಚಾಗಿ ಐಸಿನದು ಅಥವಾ ಬೇರೆ ಕಡೆಯಿಂದ ಬಂದದ್ದು. ಆ ಎರಡು ತಿಂಗಳು ಇನ್ನೂ ಸ್ವಲ್ಪ ಗಟ್ಟಿಯಾಗಿ ನೋಡಿ ತಗೊಳ್ಳಿ.

ಎಚ್ಚರಿಕೆ ಒಂದು ಇಲ್ಲೇ ಹೇಳ್ಬಿಡ್ತೀನಿ. ಬಂಗುಡೆ, ಬೂತಾಯಿ, ಟ್ಯೂನಾ ಇವನ್ನ ಐಸ್ ಇಲ್ಲದೆ ಬಿಸಿಲಲ್ಲಿ ಇಟ್ರೆ ಹಿಸ್ಟಮಿನ್ ಅನ್ನೋದು ಮೀನಿನಲ್ಲಿ ಬೆಳೆಯುತ್ತೆ, ಆಮೇಲೆ ಎಷ್ಟು ಬೇಯಿಸಿದ್ರೂ ಹುರಿದ್ರೂ ಅದು ಹೋಗಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ಮೈ ತುರಿಸಿ, ತಲೆನೋವು ಬಂದ್ರೆ ಇದಿರಬಹುದು, ಮಸಾಲೆ ಜಾಸ್ತಿ ಆಯ್ತು ಅಂತ ಸುಮ್ನಿರ್ಬೇಡಿ, ಡಾಕ್ಟರ್ ಹತ್ರ ಹೋಗಿ. ಸಂಡೇ ಮಾರ್ಕೆಟ್‌ಗೆ ಹೋದಾಗ ಮೀನನ್ನ ಕೊನೆಗೆ ತಗೊಳ್ಳಿ, ಮೊದಲೇ ತಗೊಂಡು ಗಾಡಿ ಡಿಕ್ಕಿಯಲ್ಲಿಟ್ಟು ತರಕಾರಿಗೆ ಓಡಾಡ್ಬೇಡಿ.

ಹಂತ 2: ಕ್ಲೀನ್ ಮಾಡೋದು, ಒರೆಸೋದು

ಅಂಗಡಿಯೋರು ಕ್ಲೀನ್ ಮಾಡಿಕೊಟ್ರೂ ಮನೇಲಿ ಇನ್ನೊಂದ್ಸಲ ನೋಡ್ಲೇಬೇಕು. ಬಾಲದಿಂದ ತಲೆ ಕಡೆಗೆ ಕತ್ತಿ ಎಳೆದ್ರೆ ಉಳಿದ ಹುರುಪೆ ಬರುತ್ತೆ. ಹೊಟ್ಟೆಯೊಳಗೆ ಬೆನ್ನುಮೂಳೆಗೆ ಅಂಟಿಕೊಂಡು ಕಪ್ಪಗೆ ಹೆಪ್ಪುಗಟ್ಟಿದ ರಕ್ತ ಇರುತ್ತೆ ನೋಡಿ, ಹೆಬ್ಬೆರಳ ಉಗುರಲ್ಲಿ ಅದನ್ನ ಕೆರೆದು ತೆಗೀರಿ. ಸಾರಿನ ಕೆಟ್ಟ ವಾಸನೆ ಹೆಚ್ಚಾಗಿ ಅಲ್ಲಿಂದ್ಲೇ ಬರೋದು. ತಲೆ ಸಾರಿಗೆ ಹಾಕೋದಾದ್ರೆ ಕಿವಿರು ಪೂರ್ತಿ ಕಿತ್ತುಹಾಕಿ. ಹೊಟ್ಟೆ ತೆಗೆಯುವಾಗ ಪಿತ್ತ ಒಡೀದ ಹಾಗೆ ನೋಡ್ಕೊಳ್ಳಿ, ಒಡೆದು ಹಸಿರು ಬಣ್ಣ ತಾಗಿದ್ರೆ ಆ ಜಾಗ ಕತ್ತರಿಸಿ ಬಿಸಾಕಿ, ತೊಳೆದ್ರೆ ಕಹಿ ಹೋಗಲ್ಲ.

ಕಲ್ಲುಪ್ಪು, ಚೂರು ಅರಿಶಿನ ಹಾಕಿ ಮೆಲ್ಲಗೆ ಉಜ್ಜಿ ಎರಡು ನೀರಲ್ಲಿ ತೊಳೀರಿ, ಸಾಕು. ನೀರಲ್ಲಿ ನೆನೆಹಾಕಿ ಟಿವಿ ನೋಡೋಕೆ ಹೋಗ್ಬೇಡಿ, ಮೀನು ನೀರು ಕುಡಿದು ಸಪ್ಪೆಯಾಗುತ್ತೆ. ಕೆರೆ ಮೀನಿಗೆ ಮಣ್ಣಿನ ವಾಸನೆ ಇದ್ರೆ ಹುಣಸೆನೀರೋ ಮಜ್ಜಿಗೆಯೋ ಹಾಕಿ 10 ನಿಮಿಷ ಇಟ್ಟು ತೊಳೀರಿ, ಹುಳಿ ಆ ವಾಸನೆ ಇಳಿಸುತ್ತೆ.

ತೊಳೆದ ಮೇಲೆ ಜಾಲರಿಯಲ್ಲಿ 10 ನಿಮಿಷ ಬಸಿಯೋಕೆ ಇಡಿ, ಆಮೇಲೆ ಬಟ್ಟೆಯಿಂದ ಒಂದೊಂದೇ ತುಂಡನ್ನ ಒರೆಸಿ, ಹೊಟ್ಟೆಯೊಳಗೂ ಒರೆಸಿ. ಇದನ್ನ ಎಲ್ಲರೂ ಹಾರಿಸ್ತಾರೆ. ಮೈ ಒದ್ದೆಯಿದ್ರೆ ಮಸಾಲೆ ನೀರಾಗಿ ಜಾರುತ್ತೆ, ಎಣ್ಣೆಗೆ ಬಿದ್ದ ಕೂಡ್ಲೇ ಸಿಡಿಯುತ್ತೆ, ಮೀನು ಹುರಿಯೋ ಬದಲು ಆವಿಯಲ್ಲಿ ಬೇಯುತ್ತೆ, ಕೊನೆಗೆ ತವಾಕ್ಕೆ ಅಂಟುತ್ತೆ, ನಾವು ತವಾಕ್ಕೆ ಬಯ್ತೀವಿ. ಒಂದು ತುಂಡು ಒರೆಸಿ ಇನ್ನೊಂದು ಹಾಗೇ ಹಾಕಿ ನೋಡಿ, ಸದ್ದಲ್ಲೇ ಗೊತ್ತಾಗುತ್ತೆ.

ಫ್ರೀಜರ್ ಮೀನಾದ್ರೆ ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಭಾಗಕ್ಕೆ ಇಳಿಸಿ. ಬಿಸಿನೀರಿಗೆ ಹಾಕಿ ಐಸ್ ಬಿಡಿಸಿದ್ರೆ ಹೊರಗೆ ಅರ್ಧ ಬೆಂದಿರುತ್ತೆ ಒಳಗೆ ಕಲ್ಲು. ವಿದೇಶದಲ್ಲಿ ಇಂಡಿಯನ್ ಸ್ಟೋರಿನ ಫ್ರೋಜನ್ ಬಂಗುಡೆ ತಗೊಳ್ಳೋರು ಐಸ್ ಬಿಟ್ಟ ಮೇಲೆ ಎರಡು ಸಲ ಒರೆಸಿ.

ಹಂತ 3: ಫ್ರೈಗೆ ಮಸಾಲೆ ಹಚ್ಚೋದು

8 ಬ್ಯಾಡಗಿ, 3 ಗುಂಟೂರು ಮೆಣಸು, ಒಂದು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, 8 ಕಾಳುಮೆಣಸು, 6 ಎಸಳು ಬೆಳ್ಳುಳ್ಳಿ, ಚಿಕ್ಕ ತುಂಡು ಶುಂಠಿ, ಅರಿಶಿನ, ಚಿಕ್ಕ ನಿಂಬೆಹಣ್ಣಿನಷ್ಟು ಹುಣಸೆಹುಳಿ, ಒಂದು ಚಮಚ ಉಪ್ಪು. ಮೆಣಸನ್ನ ಹುಳಿ ಜೊತೆ ಸ್ವಲ್ಪ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಆಮೇಲೆ ಆದಷ್ಟು ಕಮ್ಮಿ ನೀರಲ್ಲಿ ನುಣ್ಣಗೆ ರುಬ್ಬಿ. ಬೆರಳಲ್ಲಿ ತೆಗೆದ್ರೆ ಕೆಳಗೆ ಸುರಿಯಬಾರದು, ಅಷ್ಟು ಗಟ್ಟಿ ಇರ್ಬೇಕು. ತೆಳ್ಳಗಾಗಿಬಿಟ್ರೆ ಎರಡು ಚಮಚ ಅಕ್ಕಿಹಿಟ್ಟು ಸೇರಿಸಿ ಸರಿಮಾಡ್ಕೊಳ್ಳಿ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು, ಬರೀ ಒಂದರಲ್ಲೇ ಎರಡೂ ಬರಲ್ಲ.

ಟೈಮ್ ಇಲ್ಲಾಂದ್ರೆ ಖಾರದಪುಡಿ, ಅರಿಶಿನ, ಪೆಪ್ಪರ್ ಪುಡಿ, ಶುಂಠಿ ಬೆಳ್ಳುಳ್ಳಿ ಪೇಸ್ಟ್, ನಿಂಬೆರಸ, ಉಪ್ಪು ಕಲಸಿ ಹಚ್ಚಿ. ಬ್ಯಾಚುಲರ್ ರೂಮಿಗೆ ಅದೇ ಧಾರಾಳ ಆಯ್ತು.

ಇಡೀ ಮೀನಾದ್ರೆ ಎರಡೂ ಕಡೆ ಮೂರ್ಮೂರು ಕಚ್ಚು ಹಾಕಿ, ಮುಳ್ಳು ತಾಗೋವರೆಗೆ, ಆ ಕಚ್ಚಿನೊಳಗೆ ಬೆರಳಿಂದ ಮಸಾಲೆ ತುಂಬಿ. ಹೊರಗೆ ದಪ್ಪ ಮೆತ್ತಿದ್ರೆ ಅದು ಸೀದು ಹೋಗುತ್ತೆ ಅಷ್ಟೇ. 20ರಿಂದ 30 ನಿಮಿಷ ಇಡಿ, ಅದಕ್ಕಿಂತ ಜಾಸ್ತಿ ಇಡೋದಾದ್ರೆ ಫ್ರಿಜ್ಜಲ್ಲೇ ಇಡಿ. ನಿಂಬೆರಸ ಹಚ್ಚಿ ರಾತ್ರಿಯಿಡೀ ಇಟ್ರೆ ಜಾಸ್ತಿ ಮಸಾಲೆ ಹಿಡಿಯುತ್ತೆ ಅನ್ನೋದು ಸುಳ್ಳು, ಹುಳಿಗೆ ಮಾಂಸ ಬಿಳುಚಿಕೊಂಡು ಮೆತ್ತಗಾಗಿ ಎತ್ತುವಾಗ್ಲೇ ಮುರಿಯುತ್ತೆ.

ಹಂತ 4: ತವಾ ಫ್ರೈ, ರವಾ ಫ್ರೈ

ಮೊದಲು ಬರೀ ಕಾವಲಿ ಕಾಯಬೇಕು, ಆಮೇಲೆ ಎಣ್ಣೆ, ಎಣ್ಣೆ ಕಾದ ಮೇಲೆ ಮೀನು. ಎಣ್ಣೆ ಕಾದಿದೆಯಾ ಅಂತ ನೋಡೋಕೆ ಒಂದು ಕರಿಬೇವಿನ ಎಲೆ ಹಾಕಿ, ಚಟಪಟ ಅಂದ್ರೆ ರೆಡಿ. ಹೊಗೆ ಏಳ್ತಾ ಇದ್ರೆ ಉರಿ ಇಳಿಸಿ ಸ್ವಲ್ಪ ಕಾಯಿರಿ. ತೆಂಗಿನೆಣ್ಣೆ ಒಳ್ಳೇದು, ಅಭ್ಯಾಸ ಇಲ್ಲದೋರು ಸನ್‌ಫ್ಲವರ್ ಹಾಕ್ಲಿ.

ರವಾ ಫ್ರೈಗಾದ್ರೆ ಸಣ್ಣ ರವೆ ಅರ್ಧ ಕಪ್, ಅದಕ್ಕೆ ಎರಡು ಚಮಚ ಅಕ್ಕಿಹಿಟ್ಟು ಬೆರೆಸಿ ಅಗಲ ತಟ್ಟೆಯಲ್ಲಿ ಹರಡಿ. ಮೀನನ್ನ ಇಟ್ಟು ಮೇಲಿಂದ ಅಂಗೈಯಲ್ಲಿ ಮೆಲ್ಲಗೆ ಒತ್ತಿ, ತಿರುಗಿಸಿ ಒತ್ತಿ, ಬಾಲ ಹಿಡಿದೆತ್ತಿ ಒಂದ್ಸಲ ಕೊಡವಿ ಸೀದಾ ಎಣ್ಣೆಗೆ. ರವೆ ಹೊರಳಿಸಿ ತಟ್ಟೆಯಲ್ಲಿ ಸಾಲಾಗಿ ಜೋಡಿಸಿಟ್ಟು ಆಮೇಲೆ ಸ್ಟವ್ ಹಚ್ಚೋದು ದೊಡ್ಡ ತಪ್ಪು, ಅಷ್ಟರಲ್ಲಿ ರವೆ ಮಸಾಲೆಯ ನೀರು ಹೀರಿ ಅಂಟಾಗಿ ಎಣ್ಣೆಯಲ್ಲಿ ಪದರ ಪದರವಾಗಿ ಬಿಟ್ಟುಹೋಗುತ್ತೆ. ಒಂದೊಂದನ್ನೇ ಹೊರಳಿಸಿ ಒಂದೊಂದನ್ನೇ ಹಾಕಿ.

ಹಾಕಿದ ಮೇಲೆ ಮುಟ್ಬೇಡಿ. ಇದು ಹೇಳೋಕೆ ಸುಲಭ, ಸಟ್ಟುಗ ಕೈಯಲ್ಲಿದ್ರೆ ಯಾರಿಗೂ ಸುಮ್ನಿರೋಕಾಗಲ್ಲ. ಮಧ್ಯಮ ಉರಿಯಲ್ಲಿ ಒಂದೊಂದು ಕಡೆ ಕಾಣೆ, ಚಿಕ್ಕ ಬಂಗುಡೆ 3ರಿಂದ 4 ನಿಮಿಷ, ಬೆರಳು ದಪ್ಪದ ಅಂಜಲ್ ತುಂಡು 4ರಿಂದ 5 ನಿಮಿಷ. ಗರಿ ಪದರ ಕಟ್ಟಿದ ಮೇಲೆ ಮೀನು ತಾನಾಗೇ ಕಾವಲಿ ಬಿಡುತ್ತೆ, ಕಾವಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದ್ರೆ ತುಂಡು ಜಾರ್ಬೇಕು. ಜಾರಲಿಲ್ವಾ, ಇನ್ನೊಂದು ನಿಮಿಷ ಬಿಡಿ. ಎಬ್ಬಿಸೋಕೆ ಕಷ್ಟ ಆಗ್ತಿದೆ ಅಂದ್ರೆ ಅದು ಬೆಂದಿಲ್ಲ ಅಂತಲೇ ಅರ್ಥ, ಅಂಟಿದೆ ಅಂತ ಅಲ್ಲ. ತಿರುಗಿಸೋದು ಒಂದೇ ಸಲ, ಮುಚ್ಚಳ ಮುಚ್ಚೋದು ಬೇಡವೇ ಬೇಡ.

ಒಟ್ಟಿಗೆ ಜಾಸ್ತಿ ತುಂಬ್ಬೇಡಿ, ಎರಡು ತುಂಡಿನ ಮಧ್ಯೆ ಎರಡು ಬೆರಳು ಜಾಗ ಇರ್ಲಿ. ಒಂದು ಸರ್ತಿ ಹುರಿದಾದ ಮೇಲೆ ಕಾವಲಿಯಲ್ಲಿ ಉಳಿದ ಕಪ್ಪು ಪುಡಿ ಒರೆಸಿ ಹೊಸ ಎಣ್ಣೆ ಹಾಕಿ, ಇಲ್ಲಾಂದ್ರೆ ಎರಡನೇ ಸರ್ತಿಯದು ಕಹಿ ಬರುತ್ತೆ. ಬರೀ ಮಸಾಲೆಯ ತವಾ ಫ್ರೈ ಅಂಟುತ್ತೆ ಅಂತ ಭಯ ಇದ್ದೋರು ಕಾವಲಿ ಮೇಲೆ ಒಂದು ತುಂಡು ಬಾಳೆಎಲೆ ಹಾಸಿ ಎಣ್ಣೆ ಸವರಿ ಅದರ ಮೇಲೆ ಮೀನಿಡಿ. ಗರಿ ಪದರ ಸ್ವಲ್ಪ ಕಮ್ಮಿ ಬರುತ್ತೆ, ಅಂಟೋ ಮಾತೇ ಇಲ್ಲ.

ಬೆಂದಿದೆಯಾ ಅಂತ ನೋಡೋಕೆ ದಪ್ಪ ಜಾಗದಲ್ಲಿ, ಬೆನ್ನುಮುಳ್ಳಿನ ಹತ್ರ, ಚಾಕು ತುದಿ ತೂರಿಸಿ. ಮಾಂಸ ಪಾರದರ್ಶಕವಾಗಿಲ್ಲದೆ ಬೆಳ್ಳಗೆ ಎಸಳೆಸಳಾಗಿ ಬಿಟ್ರೆ ಆಯ್ತು. ತೆಗೆದು ಟಿಶ್ಯೂ ಮೇಲೆ ರಾಶಿ ಹಾಕ್ಬೇಡಿ, ಜಾಲರಿ ಮೇಲೆ ಬಿಡಿಬಿಡಿಯಾಗಿ ಇಟ್ರೆ ಗರಿಗರಿ ಉಳಿಯುತ್ತೆ.

ಏರ್ ಫ್ರೈಯರ್ ಇದ್ದೋರಿಗೆ: 190 ಡಿಗ್ರಿ, ಸುಮಾರು 12 ನಿಮಿಷ, ಮಧ್ಯೆ ಒಂದ್ಸಲ ತಿರುಗಿಸಿ, ಎರಡೂ ಕಡೆ ಎಣ್ಣೆ ಸವರಿ. ರವೆ ಮಾತ್ರ ಹಾಕ್ಬೇಡಿ, ಎಣ್ಣೆ ಸಾಲದೆ ಹಸಿಯಾಗೇ ಉಳಿದು ಹಲ್ಲಿಗೆ ಮರಳು ಸಿಕ್ಕಿದ ಹಾಗಿರುತ್ತೆ.

ಹಂತ 5: ಪುಳಿಮುಂಚಿ

ಬಂಗುಡೆಯೋ ಬೂತಾಯಿಯೋ, ಎಣ್ಣೆ ಅಂಶ ಇರೋ ಮೀನೇ ಇದಕ್ಕೆ ಸರಿ. ಇದಕ್ಕೆ ತೆಂಗಿನಕಾಯಿ ಇಲ್ಲ. ಕಾಯಿ ಹಾಕಿ ಮಾಡಿ ಪುಳಿಮುಂಚಿ ಸರಿಬರಲಿಲ್ಲ ಅನ್ನೋರಿಗೆ ನಾನೇನೂ ಹೇಳಲಾರೆ.

12 ಬ್ಯಾಡಗಿ, 4 ಗುಂಟೂರು ಮೆಣಸನ್ನ ಚೂರು ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಹುರೀರಿ, ಉಬ್ಬಿ ಗರಿಯಾಗ್ಬೇಕು, ಕಪ್ಪಾಗಬಾರದು. ಬೇರೆಯಾಗಿ ಒಂದೂವರೆ ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, 8 ಕಾಳುಮೆಣಸು, ಕೊನೆಗೆ ಕಾಲು ಚಮಚ ಮೆಂತ್ಯ. ಎಲ್ಲಾ ಒಟ್ಟಿಗೆ ಹುರಿದ್ರೆ ಕೊತ್ತಂಬರಿ ಹಸಿ ಇರುವಾಗ್ಲೇ ಮೆಂತ್ಯ ಸೀದಿರುತ್ತೆ, ಆ ಕಹಿಯನ್ನ ಬೆಲ್ಲ ಹಾಕಿದ್ರೂ ಮುಚ್ಚೋಕಾಗಲ್ಲ. ಇದಕ್ಕೆ 5 ಎಸಳು ಬೆಳ್ಳುಳ್ಳಿ, ಅರ್ಧ ಈರುಳ್ಳಿ, ಅರಿಶಿನ, ದೊಡ್ಡ ನಿಂಬೆಹಣ್ಣಿನಷ್ಟು ಹುಣಸೆಹುಳಿ ಸೇರಿಸಿ ಬೆಣ್ಣೆ ಹಾಗೆ ನುಣ್ಣಗೆ ರುಬ್ಬಿ. ಹುಣಸೆಹುಳಿಯಲ್ಲಿ ಬೀಜ, ನಾರು ಇಲ್ಲ ಅಂತ ನೋಡಿ ಹಾಕಿ, ಮಿಕ್ಸಿ ಬ್ಲೇಡ್ ಉಳಿಯುತ್ತೆ.

ಪಾತ್ರೆಗೆ ಮಸಾಲೆ, ಜಾರ್ ತೊಳೆದ ನೀರು, ಉಪ್ಪು, ಜಜ್ಜಿದ ಶುಂಠಿ, ಸೀಳಿದ ಹಸಿಮೆಣಸು, ಕರಿಬೇವು ಹಾಕಿ ಕುದಿಸಿ. ಇಲ್ಲಿ ಮೀನು ಇನ್ನೂ ಪ್ಲೇಟಲ್ಲೇ ಇರ್ಬೇಕು. ಮೊದಲ ಕುದಿಯಲ್ಲಿ ನೊರೆ ನೊರೆಯಾಗಿ ತಿಳಿ ಕೆಂಪು ಇರುತ್ತೆ, ಮೂಗಿಗೆ ಬೆಳ್ಳುಳ್ಳಿ ಹಸಿ ಹಸಿ ಹೊಡೆಯುತ್ತೆ. 8ರಿಂದ 10 ನಿಮಿಷ ಕುದ್ದ ಮೇಲೆ ನೊರೆ ಅಡಗಿ, ಬಣ್ಣ ಗಾಢವಾಗಿ, ಗುಳ್ಳೆ ದಪ್ಪಗಾಗಿ ಬುಳುಕ್ ಬುಳುಕ್ ಅಂತ ಒಡೆಯೋಕೆ ಶುರುವಾಗುತ್ತೆ, ಅಂಚಲ್ಲಿ ಸ್ವಲ್ಪ ಎಣ್ಣೆ ಹೊಳಪು ಕಾಣುತ್ತೆ. ಆಗ ಚಮಚದಲ್ಲಿ ತೆಗೆದು ರುಚಿ ನೋಡಿ. ಉಪ್ಪು, ಹುಳಿ, ಖಾರ ಮೂರನ್ನೂ ಈಗಲೇ ಸರಿಮಾಡಿ, ಮೀನು ಬಿದ್ದ ಮೇಲೆ ಕಲಕಿ ಬೆರೆಸೋಕೆ ಅವಕಾಶ ಇಲ್ಲ. ಉಪ್ಪು ಹುಳಿ ಒಂಚೂರು ಮುಂದೇ ಇರ್ಲಿ, ಮೀನು ಅದನ್ನ ಎಳ್ಕೊಳ್ಳುತ್ತೆ.

ಈಗ ಮೀನನ್ನ ಒಂದೇ ಪದರದಲ್ಲಿ ಜೋಡಿಸಿ, ಉರಿ ಇಳಿಸಿ. ಸೌಟು ದೂರ ಇಡಿ. ಪಾತ್ರೆಯ ಎರಡೂ ಕಡೆ ಬಟ್ಟೆಯಲ್ಲಿ ಹಿಡಿದು ಸುತ್ತ ಅಲ್ಲಾಡಿಸಿದ್ರೆ ಮಸಾಲೆ ಮೇಲೆ ಬರುತ್ತೆ. ಬೂತಾಯಿಗೆ 5 ನಿಮಿಷ, ಬಂಗುಡೆಗೆ 7ರಿಂದ 8 ನಿಮಿಷ, ಆಮೇಲೆ ಒಂದು ಚಮಚ ಹಸಿ ತೆಂಗಿನೆಣ್ಣೆ ಸುರಿದು ಆರಿಸಿ. ಮಣ್ಣಿನ ಪಾತ್ರೆ ಆದ್ರೆ ಒಂದು ನಿಮಿಷ ಮೊದಲೇ ಆರಿಸಿ, ಕೆಳಗಿಳಿಸಿದ ಮೇಲೂ ಅದು ಕುದೀತಾನೇ ಇರುತ್ತೆ. ಅರ್ಧ ಗಂಟೆ ಬಿಟ್ಟು ಬಡಿಸಿ. ಜೊತೆಗೆ ಕುಚ್ಚಲಕ್ಕಿ ಅನ್ನ ಇಲ್ಲಾ ನೀರ್‌ದೋಸೆ.

ಹಂತ 6: ಗಸಿ ಮತ್ತು ಬೇರೆ ಸಾರುಗಳು

ಗಸಿಗೆ ಇದೇ ಕ್ರಮ, ಮಸಾಲೆಗೆ ಒಂದು ಕಪ್ ತೆಂಗಿನತುರಿ ಸೇರುತ್ತೆ, ಹುಳಿ ಅರ್ಧ ಸಾಕು, ಮೆಣಸೂ ಒಂದೆರಡು ಕಮ್ಮಿ. ಕಾಯಿ ಹಾಕಿದ ಮೇಲೆ ದೊಡ್ಡ ಉರಿಯಲ್ಲಿ ಕುದಿಸ್ಬೇಡಿ, ಕಾಯಿ ಒಂದು ಕಡೆ ನೀರೊಂದು ಕಡೆ ಆಗುತ್ತೆ. ರುಬ್ಬಿದ್ದು ತರಿ ಇದ್ರೂ ಹಾಗೇ ಆಗುತ್ತೆ.

ಕಾರವಾರ, ಕುಮಟಾ ಕಡೆ ಬಂಗುಡೆ ಸಾರಿಗೆ ಜುಮ್ಮನಕಾಯಿ (ತೆಪ್ಪಲ್ ಅನ್ನೋ ಮಸಾಲೆ ಕಾಯಿ) ಹಾಕ್ತಾರೆ. ಬೀಜ ತೆಗೆದು ಸಿಪ್ಪೆಯನ್ನ ಮಾತ್ರ ಜಜ್ಜಿ, ಮೀನು ಬೇಯೋಕೆ ಇಟ್ಟ ಮೇಲೆ ಹಾಕಿ, ಮಸಾಲೆ ಜೊತೆ ರುಬ್ಬಿಬಿಟ್ರೆ ಘಾಟಾಗುತ್ತೆ. ಕೊಡಗಿನೋರ ಹತ್ರ ಕಾಚಂಪುಳಿ (ಹಣ್ಣಿನ ರಸ ಕುದಿಸಿ ಮಾಡಿದ ಕಪ್ಪು ಹುಳಿ) ಸಿಕ್ಕಿದ್ರೆ ಹುಣಸೆಹುಳಿ ಬದಲು ಅದನ್ನ ಹಾಕಿ ನೋಡಿ, ಆದ್ರೆ ಅಳತೆ ಜಾಗ್ರತೆ, ತುಂಬಾ ಗಟ್ಟಿ ಹುಳಿ ಅದು, ಒಂದು ಚಮಚದಿಂದ ಶುರುಮಾಡಿ.

ಕಾಟ್ಲಾ, ರೋಹು ಸಾರಿಗೆ ಈರುಳ್ಳಿ, ಟೊಮೆಟೊ, ಬೆಳ್ಳುಳ್ಳಿ ಬಾಡಿಸಿ, ಧನಿಯಾ ಪುಡಿ, ಖಾರದಪುಡಿ, ಸ್ವಲ್ಪ ಕಾಯಿ ಹಾಕಿ ರುಬ್ಬಿ, ಸಾಸಿವೆ ಮೆಂತ್ಯದ ಒಗ್ಗರಣೆಯಲ್ಲಿ ಮಸಾಲೆ ಹುರಿದು ಹುಣಸೆನೀರು ಬಿಟ್ಟು ಕಾಲು ಗಂಟೆ ಕುದಿಸಿ. ತೆಳ್ಳಗೇ ಇರ್ಲಿ, ಮುದ್ದೆ ಅದ್ದಿ ತಿನ್ನೋ ಸಾರಿದು. ತುಂಡು ದಪ್ಪ ಇರೋದ್ರಿಂದ 10ರಿಂದ 12 ನಿಮಿಷ ಬೇಯ್ಬೇಕು. ಈ ಮೀನಲ್ಲಿ ಕವಲೊಡೆದ ಸಣ್ಣ ಮುಳ್ಳು ಜಾಸ್ತಿ, ಮಕ್ಕಳಿಗೆ ನೀವೇ ಬಿಡಿಸಿ ಕೊಡಿ. ಗಂಟಲಲ್ಲಿ ಮುಳ್ಳು ಸಿಕ್ಕಿ ಹೋಗದಿದ್ರೆ ಅನ್ನದುಂಡೆ ನುಂಗಿಸಿ ನುಂಗಿಸಿ ಒಳಗೆ ತಳ್ಳೋ ಸಾಹಸ ಬೇಡ, ಡಾಕ್ಟರ್ ತೆಗೀತಾರೆ.

ಹಂತ 7: ಬಾಳೆಎಲೆಯಲ್ಲಿ

ಎಣ್ಣೆ ಬೇಡ ಅನ್ನೋರಿಗೆ, ಮನೆಯೆಲ್ಲಾ ಮೀನು ವಾಸನೆ ಬರಬಾರದು ಅನ್ನೋ ಅಪಾರ್ಟ್‌ಮೆಂಟಿನೋರಿಗೆ ಇದು ಸರಿ. ಎಲೆಯ ದಂಟು ಸೀಳಿ ತೆಗೆದು ಗ್ಯಾಸ್ ಉರಿ ಮೇಲೆ ಆಡಿಸಿ ಬಾಡಿಸಿ, ಎಲೆ ಬಣ್ಣ ತಿರುಗಿ ಮೆತ್ತಗಾಗುತ್ತೆ. ಬಾಡಿಸದೆ ಮಡಚಿದ್ರೆ ಗೆರೆ ಗೆರೆಯಾಗಿ ಹರಿದು ರಸ ಎಲ್ಲಾ ಸೋರುತ್ತೆ. ಫ್ರೈ ಮಸಾಲೆಗೆ ಎರಡು ಚಮಚ ರುಬ್ಬಿದ ಕಾಯಿ, ಹೆಚ್ಚಿದ ಈರುಳ್ಳಿ ಸೇರಿಸಿ ಮೀನಿನ ಕೆಳಗೂ ಮೇಲೂ ಹಾಕಿ, ಮಡಚಿ ದಾರ ಕಟ್ಟಿ. ಇಡ್ಲಿ ಪಾತ್ರೆಯಲ್ಲಿ ನೀರು ಕುದ್ದ ಮೇಲೆ ಇಟ್ಟು 15 ನಿಮಿಷ. ಅಥವಾ ಸಣ್ಣ ಉರಿಯ ಕಾವಲಿ ಮೇಲೆ ಮುಚ್ಚಳ ಮುಚ್ಚಿ ಒಂದೊಂದು ಕಡೆ 7 ನಿಮಿಷ, ಎಲೆ ಸುಟ್ಟ ಪರಿಮಳ ಇದರಲ್ಲೇ ಬರೋದು, ನಾನಂತೂ ಇದನ್ನೇ ಮಾಡೋದು. ಇಳಿಸಿದ ಕೂಡ್ಲೇ ಬಿಚ್ಬೇಡಿ, 5 ನಿಮಿಷ ಬಿಡಿ.

ಹಂತ 8: ಉಳಿದದ್ದನ್ನ ಇಡೋದು

ಪುಳಿಮುಂಚಿ ಆರಿದ ಕೂಡ್ಲೇ ಫ್ರಿಜ್ಜಿಗಿಟ್ರೆ ಮಾರನೇ ದಿನ ಇನ್ನೂ ರುಚಿ, ಎರಡು ದಿನ ಇರುತ್ತೆ. ಗಸಿ ಕಾಯಿ ಇರೋದ್ರಿಂದ ಮಾರನೇ ದಿನಕ್ಕೇ ಮುಗಿಸಿ. ಪೂರ್ತಿ ಪಾತ್ರೆಯನ್ನ ಮತ್ತೆ ಮತ್ತೆ ಕುದಿಸ್ಬೇಡಿ, ಬೇಕಾದಷ್ಟು ಚಿಕ್ಕ ಪಾತ್ರೆಗೆ ಹಾಕಿ ಒಂದೇ ಸಲ ಚೆನ್ನಾಗಿ ಬಿಸಿಮಾಡಿ. ಫ್ರೈಯನ್ನ ಮೈಕ್ರೋವೇವಿಗೆ ಹಾಕಿದ್ರೆ ರಬ್ಬರ್ ಆಗುತ್ತೆ, ಕಾವಲಿ ಮೇಲೆ ಎಣ್ಣೆ ಹಾಕದೆ ಎರಡೆರಡು ನಿಮಿಷ ಬಿಸಿಮಾಡಿ. ಮಸಾಲೆ ಹಚ್ಚಿದ ಹಸಿ ಮೀನು ಉಳಿದ್ರೆ ಒಂದು ಹೊತ್ತಿಗಾಗುವಷ್ಟು ಒಂದೊಂದು ಡಬ್ಬಿಯಲ್ಲಿ ಹಾಕಿ ಫ್ರೀಜರಿಗಿಡಿ, ರವೆ ಹಚ್ಚಿ ಇಡ್ಬೇಡಿ, ಒಮ್ಮೆ ಐಸ್ ಬಿಟ್ಟದ್ದನ್ನ ಮತ್ತೆ ಫ್ರೀಜ್ ಮಾಡ್ಬೇಡಿ. ಮೀನು ಹುರಿದ ಎಣ್ಣೆ ಸೋಸಿಟ್ಟು ಒಗ್ಗರಣೆಗೆ ಬಳಸೋ ಆಸೆ ಬೇಡ, ಅದರಲ್ಲಿ ಮಸಾಲೆ ಸೀದಿರುತ್ತೆ, ಕಾಗದಕ್ಕೆ ಒರೆಸಿ ಕಸಕ್ಕೆ ಹಾಕಿ, ಸಿಂಕಿಗೆ ಸುರಿದ್ರೆ ಪೈಪ್ ಕಟ್ಟಿಕೊಳ್ಳುತ್ತೆ.